ಮನೆಗಾಡಿಯ ಬಿಡಾರವೂ ನೆಲದ ಸಂರಕ್ಷಣೆಯೂ

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಶಾಲೆಗಳಿಗೆ ಬೇಸಗೆಯ ರಜೆ ಬಂದೊಡನೆ ಅನೇಕ ಸಂಸಾರಗಳು ಇರುವ ಮನೆಗೆ ಬೀಗ ಹಾಕಿ, ಚಕ್ರಗಳುಳ್ಳ ಮತ್ತೊಂದು ಸಣ್ಣ ಮನೆಯಲ್ಲಿ ಕುಳಿತು ಪ್ರಯಾಣ ಹೊರಡುವುವು. ಈ ಸಣ್ಣ ಮನೆಯಲ್ಲಿ ಹಾಸಿಗೆ, ಒಲೆ, ನೀರಿನ ತೊಟ್ಟಿ, ಬಚ್ಚಲು, ಪಾಯಿಖಾನೆ ಮುಂತಾದ ಅನುಕೂಲಗಳೆಲ್ಲವೂ ಅಡಕವಾಗಿರುವುವು. ಅಲ್ಲಿನ ಜನರು ಇದನ್ನು ‘ರಿಕ್ರಿಯೇಷನಲ್ ವೆಹಿಕಲ್’ ಎಂದೂ, ಸಂಕ್ಷೇಪವಾಗಿ ‘ಆರ್.ವಿ.’ ಎಂದೂ ಕರೆಯುವರು. ಇಂಗ್ಲೆಂಡಿನಲ್ಲಿ ಕ್ಯಾರವಾನ್ ಎಂಬ ಹೆಸರು ಹೆಚ್ಚಾಗಿ ರೂಢಿಯಲ್ಲಿದೆ. ಈ ಲೇಖನದಲ್ಲಿ ಅದನ್ನು ಮನೆಗಾಡಿ ಎಂದೂ, ಅದು ತಂಗುವ ಕ್ಯಾಂಪ್‌ಗ್ರೌಂಡನ್ನು ಬಿಡಾರದ ಬಯಲು ಎಂದೂ ಹೇಳಲಾಗಿದೆ.

ಮನೆಗಾಡಿಯು ಮನೆಯನ್ನು ಹೊತ್ತುಕೊಂಡು ಹೋಗಬಲ್ಲುದಾದರೂ ನೆಲವನ್ನು ಹೊತ್ತುಕೊಂಡು ಹೋಗಲಾರದು. ಸಂಜೆಯಾಗುತ್ತಲೇ ಅದಕ್ಕೆ ಗಟ್ಟಿಯಾದ ಮಟ್ಟಸವಾದ ಸ್ಥಳವೂ, ಶುದ್ಧವಾದ ನೀರೂ, ಕೊಳಚೆಯನ್ನು ಬಿಡುವುದಕ್ಕೆ ತಕ್ಕ ಏರ್ಪಾಡೂ ಬೇಕಾಗುವುವು. ಇವನ್ನು ಒದಗಿಸತಕ್ಕವನು ನೆಲದ ಒಡೆಯನು. ಆ ನೆಲದ ಒಡೆಯನು ಸರ್ಕಾರವಾಗಿರಬಹುದು, ವ್ಯಾಪಾರದ ಸಂಸ್ಥೆಯಾಗಿರಬಹುದು, ನಾಲ್ಕಾರು ಎಕರೆಗಳ ರೈತನೂ ಆಗಿರಬಹುದು. ಗಮನಿಸತಕ್ಕ ಸಂಗತಿಯೇನೆಂದರೆ, ಇಂದು ಅಮೆರಿಕಾದಲ್ಲಿ ಕಾಣಬರುವ ಬಿಡಾರದ ಬಯಲಿನ ರಚನೆಯನ್ನು ರೂಪಿಸಿದವನು ಹೋಟೆಲಿನ ವ್ಯಾಪಾರಿಯಲ್ಲ. ಗಿಡಮರಗಳ ರೋಗಗಳನ್ನು ಅಭ್ಯಾಸಮಾಡಿದ ಒಬ್ಬ ಶಾಸ್ತ್ರಜ್ಞನು. ಆದುದರಿಂದ ಈ ವಿಷಯವು ಪ್ರವಾಸಿಗಳಿಗೆ ಮಾತ್ರವೇ ಅಲ್ಲದೆ ಜಮೀನುಳ್ಳವರಿಗೂ ಗ್ರಾಮದ ಮುಖ್ಯಸ್ಥರಿಗೂ ಸಂಬಂಧಪಟ್ಟುದಾಗಿದೆ.

ಮನೆಗಾಡಿಯ ಹುಟ್ಟು ಮತ್ತು ಸ್ವರೂಪ

ವಿನೋದಾರ್ಥವಾಗಿ ಮನೆಗಾಡಿಯನ್ನು ಕಟ್ಟಿಸಿದವರಲ್ಲಿ ಮೊದಲಿಗರೆಂದು ಹೆಸರಾದವರು ಬ್ರಿಟನ್ನಿನ ಡಾಕ್ಟರ್ ಗಾರ್ಡನ್ ಸ್ಟೇಬಲ್ಸ್ ಎಂಬುವರು. ಇವರು ನೌಕಾಸೈನ್ಯದಲ್ಲಿ ವೈದ್ಯರಾಗಿದ್ದು ನಿವೃತ್ತರಾದವರು. 1885ನೇ ಇಸವಿಯಲ್ಲಿ ಬ್ರಿಸ್ಟಲ್ ನಗರದ ಕಾರ್ಖಾನೆಯೊಂದರಲ್ಲಿ ‘ವಾಂಡರರ್’ ಎಂಬ ಗಾಡಿಯನ್ನು ಮಾಡಿಸಿ, ಅದಕ್ಕೆ ಎರಡು ಕುದುರೆಗಳನ್ನು ಹೂಡಿ ದೇಶಸಂಚಾರ ಮಾಡಿದರು. 1907ರಲ್ಲಿ ಆ ದೇಶದಲ್ಲಿ ಕ್ಯಾರವಾನ್ ಕ್ಲಬ್ ಸ್ಥಾಪಿತವಾಯಿತು. ಮೋಟಾರು ಬಂದ ಮೇಲೆ ಕುದುರೆಯ ಸ್ಥಾನವನ್ನು ಯಂತ್ರವು ಆಕ್ರಮಿಸಿತು. ಅಮೆರಿಕಾದಲ್ಲಿ 1910ನೇ ಇಸವಿಯಲ್ಲಿ ಪಿಯರ್ಸ್-ಆರೋ ಎಂಬ ಕಂಪೆನಿಯವರು ಹಿಂಬದಿಯ ಪೀಠವನ್ನು ಹಾಸಿಗೆಯಾಗಿ ಬಿಚ್ಚಬಹುದಾದ ಪ್ರವಾಸದ ಮೋಟಾರನ್ನು ಪ್ರದರ್ಶನಕ್ಕಿಟ್ಟರು. 1919ರಲ್ಲಿ ಫ್ಲಾರಿಡಾ ಪ್ರಾಂತದ ಟ್ಯಾಂಪಾ ನಗರದ ಉದ್ಯಾನದಲ್ಲಿ ಬಿಡಾರ ಮಾಡಿದ್ದ ಪ್ರವಾಸಿಗಳು ‘ಟಿನ್ ಕ್ಯಾನ್ ಟೂರಿಸ್ಟ್ಸ್’ ಎಂಬ ಸಂಘವನ್ನು ಕಟ್ಟಿಕೊಂಡರು. 1936ರಲ್ಲಿ ವಾಲಿ ಬಯಮ್ ಎಂಬುವರ ಏರ್‌ಸ್ಟ್ರೀಮ್ ಕಂಪೆನಿಯು ಅಲ್ಯೂಮಿನಿಯಂ ತಗಡಿನ ದುಂಡನೆಯ ಗಾಡಿಯನ್ನು ಹೊರತಂದಿತು.

ಈ ಕೈಗಾರಿಕೆಗೂ ಬೇಸಾಯದ ಸೀಮೆಗೂ ನಿಕಟವಾದ ಸಂಬಂಧವುಂಟು. ಅಯೋವಾ ಪ್ರಾಂತದ ಫಾರೆಸ್ಟ್ ಸಿಟಿ ಎಂಬುದು ಬೇಸಾಯವನ್ನೇ ನಂಬಿದ ಒಂದು ಸಣ್ಣ ಊರು. ಬೇಸಾಯದ ಆದಾಯವು ಕುಗ್ಗಿ, ಯುವಕರು ಊರು ಬಿಡುತ್ತಿದ್ದ ಕಾಲದಲ್ಲಿ ಅಲ್ಲಿನ ವರ್ತಕರು, ಜಾನ್ ಹ್ಯಾನ್ಸನ್ ಎಂಬುವರ ಮುಂದಾಳುತನದಲ್ಲಿ, 1958ನೇ ಇಸವಿಯಲ್ಲಿ ಕ್ಯಾಲಿಫೋರ್ನಿಯಾದ ಕಂಪೆನಿಯೊಂದನ್ನು ಒಪ್ಪಿಸಿ ಎಳೆಯುವ ಮನೆಗಾಡಿಗಳ ಕಾರ್ಖಾನೆಯನ್ನು ತಮ್ಮ ಊರಿಗೆ ಬರಮಾಡಿಕೊಂಡರು. ಮುಂದೆ ವಿನ್ನೆಬೇಗೋ ಎಂಬ ಹೆಸರನ್ನು ತಾಳಿದ ಈ ಕಾರ್ಖಾನೆಯು 1966ರಿಂದ ಸ್ವಯಂಚಾಲಿತ ಮನೆಗಾಡಿಗಳನ್ನೂ ತಯಾರಿಸತೊಡಗಿ ಲೋಕಪ್ರಸಿದ್ಧವಾಯಿತು. ಗ್ರಾಮದ ಮುಂದಾಳುಗಳು ಕಾಲವನ್ನರಿತು ಮಾಡಿದ ಪ್ರಯತ್ನಕ್ಕೆ ಇದೊಂದು ಒಳ್ಳೆಯ ನಿದರ್ಶನ.

ಮನೆಗಾಡಿಗಳಲ್ಲಿ ಮುಖ್ಯವಾಗಿ ಎರಡು ಬಗೆಗಳುಂಟು. ಮೋಟಾರಿನ ಹಿಂದೆ ಕಟ್ಟಿ ಎಳೆಯತಕ್ಕದ್ದು ಒಂದು. ತಾನೇ ಯಂತ್ರವುಳ್ಳದ್ದಾಗಿ ಓಡತಕ್ಕದ್ದು ಇನ್ನೊಂದು. ಎಳೆಯುವ ಗಾಡಿಯನ್ನು ಬಯಲಿನಲ್ಲಿ ಬಿಚ್ಚಿ ನಿಲ್ಲಿಸಿ, ಬರಿಯ ಮೋಟಾರಿನಲ್ಲಿ ಸುತ್ತಮುತ್ತಣ ಸ್ಥಳಗಳನ್ನು ನೋಡಿಬರಬಹುದು. ಸ್ವಯಂಚಾಲಿತ ಗಾಡಿಯಲ್ಲಾದರೆ, ನೋಡಲು ಹೊರಟಾಗಲೆಲ್ಲಾ ಮನೆಯನ್ನೇ ಕಿತ್ತುಕೊಂಡು ಹೊರಡಬೇಕು. ಎರಡರಲ್ಲಿಯೂ ಮೂರು ತೊಟ್ಟಿಗಳಿರುವುದು ಸಾಮಾನ್ಯ. ಒಂದು ಕುಡಿಯುವ ನೀರಿಗೆ. ಎರಡನೆಯದು ಅಡಿಗೆಯ ಮತ್ತು ಬಚ್ಚಲ ನೀರಿಗೆ. ಮೂರನೆಯದು ಪಾಯಿಖಾನೆಯ ಕೊಳಚೆಗೆ. ಅಡಿಗೆಯು ಪ್ರೋಪೇನ್ ಎಂಬ ಗ್ಯಾಸಿನಿಂದ ನಡೆಯುವುದು. ಬಯಲಿನಲ್ಲಿ ವಿದ್ಯುಚ್ಛಕ್ತಿಯ ಕಂಬವಿದ್ದರೆ ಗಾಡಿಯ ತಂತಿಯನ್ನು ಅದಕ್ಕೆ ಸೇರಿಸುವರು. ಅಮೆರಿಕಾದಲ್ಲಿ 30 ಆಂಪೇರಿನದೂ 50 ಆಂಪೇರಿನದೂ ರೂಢಿಯಲ್ಲಿವೆ.

ಬಯಲು ಹಾಳಾದ ಬಗೆ

ಅಮೆರಿಕಾದ ರಾಷ್ಟ್ರೀಯ ವನಗಳಲ್ಲಿ ಮೊದಲನೆಯದಾದ ಯೆಲ್ಲೋಸ್ಟೋನ್ 1872ರಲ್ಲಿ ಸ್ಥಾಪಿತವಾಯಿತು. 1915ರಲ್ಲಿ ಅದರೊಳಕ್ಕೆ ಮೋಟಾರುಗಳನ್ನು ಬಿಡಲಾಯಿತು. ಮಾರನೆಯ ವರ್ಷವೇ, ಎಂದರೆ 1916ರಲ್ಲಿ, ಇಂತಹ ವನಗಳ ಆಡಳಿತಕ್ಕಾಗಿ ಪ್ರತ್ಯೇಕವಾದ ಇಲಾಖೆಯು ಏರ್ಪಟ್ಟಿತು. ಅಲ್ಲಿಂದ ಮುಂದೆ ಸಂಸಾರ ಸಮೇತರಾಗಿ ಮೋಟಾರಿನಲ್ಲಿ ಬಂದು ಬಿಡಾರ ಮಾಡುವವರ ಸಂಖ್ಯೆಯು ವರ್ಷೇ ವರ್ಷೇ ಹೆಚ್ಚುತ್ತ ಹೋಯಿತು. ಆಗ ನಿರ್ದಿಷ್ಟವಾದ ದಾರಿಯಾಗಲಿ ನಿಲ್ಲುವ ಸ್ಥಳವಾಗಲಿ ಇರಲಿಲ್ಲ. ಯಾವ ಮರದ ನೆರಳು ಚೆನ್ನಾಗಿತ್ತೋ ಅದರ ಬುಡಕ್ಕೆ ಮೋಟಾರನ್ನು ಓಡಿಸಿ ನಿಲ್ಲಿಸುವರು. ಅಲ್ಲಿಯೇ ಒಲೆ ಹೂಡುವರು. ಮಾರನೆಯ ದಿನ ಬಂದವರು ಮತ್ತೊಂದು ಕಡೆ ಹೂಡುವರು. ಹೀಗೆ ಕೆಲವು ವರ್ಷಗಳು ಕಳೆಯುವುದರೊಳಗೆ ಬಯಲಿನ ಹುಲ್ಲೂ ಪೊದೆಗಳೂ ನಾಶವಾಗಿ, ಎಳೆಯ ಸಸಿಗಳು ಮುರಿದು, ನೆಲವೆಲ್ಲವೂ ಧೂಳಾಯಿತು.

ಈ ಹಾನಿಯ ಕಾರಣವನ್ನು ಪರೀಕ್ಷಿಸಿದವರು ಇ. ಪಿ. ಮೈನೆಕೆ ಎಂಬುವರು. ಇವರು ಅಮೆರಿಕಾ ಸರ್ಕಾರದ ವ್ಯವಸಾಯದ ಇಲಾಖೆಯಲ್ಲಿ ಸಸ್ಯರೋಗ ಶಾಸ್ತ್ರಜ್ಞರಾಗಿದ್ದರು. 1920ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಪ್ರಸಿದ್ಧವಾದ ರೆಡ್‌ವುಡ್ ವನಗಳಲ್ಲಿ ಪ್ರವಾಸಿಗಳ ಸಂದಣಿಯಿಂದ ಮರಗಳಿಗೆ ಆಗುವ ಪರಿಣಾಮವನ್ನು ಇವರು ವಿಚಾರಿಸಿದರು. ರೆಡ್‌ವುಡ್ ಮರವು ಭೂಮಿಯ ಮೇಲಿನ ಮರಗಳಲ್ಲೆಲ್ಲಾ ಅತ್ಯಂತ ಎತ್ತರವಾದುದು. 300 ಅಡಿಗಳನ್ನು ಮೀರಿ ಬೆಳೆಯುವುದುಂಟು. ಎರಡು ಸಾವಿರ ವರ್ಷಗಳವರೆಗೂ ಬಾಳುವುದುಂಟು. ಆದರೆ ಅದರ ಬೇರುಗಳು ಹತ್ತು ಹನ್ನೆರಡು ಅಡಿಗಳಿಗಿಂತ ಹೆಚ್ಚು ಆಳಕ್ಕೆ ಹೋಗುವುದು ಅಪರೂಪ. ಅವು ನೆಲದ ಮೇಲ್ಪದರದಲ್ಲಿಯೇ ಬಹು ದೂರ ಹಬ್ಬಿಕೊಂಡಿರುವುವು. ಆದಕಾರಣ ಬುಡದಿಂದ ಎಷ್ಟೋ ಗಜಗಳಾಚೆ ಓಡಾಡಿದ ಚಕ್ರವೂ ಆ ಮರದ ಬೇರನ್ನೇ ತುಳಿದಂತಾಗುವುದು.

ನೆಲವು ತುಳಿತದಿಂದ ಕೆಡುವ ಬಗೆಯನ್ನು ರೈತರಿಗೆ ವಿವರಿಸಬೇಕಾದುದಿಲ್ಲ. ಸುಗ್ಗಿಗೆ ಮುಂಚೆ ಕಣ ಮಾಡುವಾಗ ನೀರು ಚಿಮುಕಿಸಿ, ದನಗಳಿಂದ ತುಳಿಸಿ, ಗುಂಡನ್ನು ಉರುಳಿಸಿ ನೆಲವನ್ನು ಗಟ್ಟಿಮಾಡುವರು. ಅಂತಹ ಕಣದಲ್ಲಿ ಹುಲ್ಲು ಸಹ ಸುಲಭವಾಗಿ ಹುಟ್ಟಲಾರದು. ಮಣ್ಣಿನ ಕಣಗಳ ನಡುವೆ ಇರುವ ಸೂಕ್ಷ್ಮವಾದ ರಂಧ್ರಗಳ ಮೂಲಕವೇ ಗಾಳಿಯೂ ನೀರೂ ಬೇರಿಗೆ ತಲಪುವುವು. ಭಾರವು ಮೇಲೆ ಬಿದ್ದಾಗ ಆ ರಂಧ್ರಗಳು ಮುಚ್ಚಿಹೋಗುವುವು. ಮಳೆಯ ನೀರು ಒಳಕ್ಕೆ ಇಂಗದೆ ಹರಿದುಹೋಗಿ ಮೇಲ್ಮಣ್ಣನ್ನು ಕೊಚ್ಚುವುದು, ಬೇರಿಗೆ ಉಸಿರಿಲ್ಲದಂತಾಗುವುದು. ಕಣವನ್ನು ರೈತನು ಬೇಕೆಂದೇ ಮಾಡುವನು, ಬೇಡವಾದಾಗ ಉತ್ತು ಸಡಿಲಿಸುವನು. ಮರಗಳ ತೋಪಿನಲ್ಲಿ ಅರಿಯದೆ ಆದ ಕಣವನ್ನು ಉಳುವುದಕ್ಕೂ ಆಗುವುದಿಲ್ಲ; ಉತ್ತರೆ ಬೇರು ಕತ್ತರಿಸುವುದು. ಮೊದಲು ನೆಲದ ಹಸುರು, ಅನಂತರ ಸಸಿಗಳು, ಕೊನೆಗೆ ಹಳೆಯ ಮರಗಳು ಎಂಬ ಕ್ರಮದಲ್ಲಿ ತೋಪು ಕ್ಷೀಣಿಸುವುದು. ಮರವು ಸೊರಗಿದ್ದು ಕಣ್ಣಿಗೆ ಕಾಣುವ ವೇಳೆಗೆ ಪರಿಹಾರದ ಕಾಲವು ಮಿಂಚಿಹೋಗಿರುವುದು.

ಮೈನೆಕೆಯವರ ಏರ್ಪಾಡು

ಜನರನ್ನು ಬರಬೇಡಿರೆಂದು ಹೇಳುವುದು ಸಾಧ್ಯವಿರಲಿಲ್ಲ. ಬಂದವರು ದುಷ್ಟಬುದ್ಧಿಯಿಂದ ಹಾನಿಮಾಡಿದವರೂ ಅಲ್ಲ. ಆದಕಾರಣ ಮೈನೆಕೆಯವರು ದಂಡನೆಯನ್ನು ನಂಬದೆ ಬಯಲಿನ ರಚನೆಯನ್ನೇ ತಿದ್ದುವುದು ಯುಕ್ತವೆಂದು ಕಂಡುಕೊಂಡು, 1932ನೇ ಇಸವಿಯಲ್ಲಿ ಬಿಡಾರದ ಬಯಲುಗಳ ನೀತಿಯನ್ನು ಕುರಿತ ಒಂದು ಸಣ್ಣ ಪುಸ್ತಕವನ್ನು ಅರಣ್ಯದ ಇಲಾಖೆಯ ಮೂಲಕ ಪ್ರಕಟಿಸಿದರು. ಅದರ ಸಾರಾಂಶವು ಹೀಗಿದೆ.

ಬಯಲಿನಲ್ಲಿ ಒಂದೇ ದಿಕ್ಕಿನಲ್ಲಿ ಸಂಚರಿಸತಕ್ಕ ಬಳಸುದಾರಿಯೊಂದನ್ನು ಮಾಡತಕ್ಕದ್ದು. ಎದುರುಬದುರು ಗಾಡಿಗಳು ಬರುವುದಿಲ್ಲವಾದುದರಿಂದ ಈ ದಾರಿಯು ಕಿರಿದಾಗಿದ್ದರೆ ಸಾಕು. ಅದರಿಂದ ಓರೆಯಾಗಿ ಒಂದೊಂದು ಸಂಸಾರಕ್ಕೂ ಒಂದೊಂದು ಕವಲನ್ನು ತೆಗೆದು, ಮೋಟಾರು ಅಲ್ಲಿಯೇ ನಿಲ್ಲುವಂತೆ ಮಾಡತಕ್ಕದ್ದು. ಕವಲಿನ ಪಕ್ಕದಲ್ಲಿ ಊಟದ ಮೇಜನ್ನೂ ಒಲೆಯನ್ನೂ ಕದಲಿಸಲಾಗದಂತೆ ನೆಡತಕ್ಕದ್ದು. ಒಲೆಯು ಒಂದೇ ಸ್ಥಳದಲ್ಲಿದ್ದರೆ ಬೆಂಕಿಯ ಸುಡುವಿಕೆಯೂ ಜನರ ತುಳಿತವೂ ಆ ಸ್ಥಳದಲ್ಲಿ ಮಾತ್ರ ನಿಲ್ಲುವುವು. ದಾರಿಯ ಮತ್ತು ಕವಲಿನ ಅಂಚಿನಲ್ಲಿ ದೊಡ್ಡ ಕಲ್ಲುಗಳನ್ನೋ ಮರದ ದಿಮ್ಮಿಗಳನ್ನೋ ಹೂಳಿ, ಚಕ್ರವು ಹೊರಕ್ಕೆ ಹೋಗದಂತೆ ತಡೆಯತಕ್ಕದ್ದು. ಎರಡು ಬಿಡಾರಗಳ ನಡುವೆ ಪೊದೆಗಳನ್ನು ಬೆಳೆಯಿಸತಕ್ಕದ್ದು.

ಈ ಏರ್ಪಾಡಿನಿಂದ ಎರಡು ಫಲಗಳು ಒಟ್ಟಿಗೆ ದೊರೆತುವು. ಬಯಲಿನ ಸ್ವಲ್ಪ ಭಾಗವನ್ನು ತುಳಿತಕ್ಕೆಂದು ಬಿಟ್ಟುಕೊಟ್ಟುದರಿಂದ ಉಳಿದ ಹೆಚ್ಚಿನ ಭಾಗವು ತುಳಿತಕ್ಕೆ ಸಿಕ್ಕದೆ ಉಳಿಯಿತು. ಮರಕ್ಕೆ ಹಿತವಾದ ಪೊದೆಯೇ ಸಂಸಾರಕ್ಕೆ ಮರೆಯಾಯಿತು. ಮೋಟಾರುಗಳು ಅಡ್ಡಾದಿಡ್ಡಿಯಾಗಿ ಓಡಾಡದೆ ಇದ್ದುದರಿಂದ ಮಕ್ಕಳು ನಿರ್ಭಯವಾಗಿ ಆಡುವಂತಾಯಿತು. 1933ರಿಂದ 1942ರವರೆಗೆ ಅಮೆರಿಕಾ ಸರ್ಕಾರವು ನಿರುದ್ಯೋಗಿಗಳಾದ ಯುವಕರನ್ನು ‘ಸಿವಿಲಿಯನ್ ಕನ್ಸರ್ವೇಷನ್ ಕೋರ್’ ಎಂಬ ದಳದಲ್ಲಿ ಸೇರಿಸಿ ವನಗಳ ಕೆಲಸಕ್ಕೆ ಹಚ್ಚಿದಾಗ, ಈ ಮಾದರಿಯ ಬಯಲುಗಳು ದೇಶದಾದ್ಯಂತ ನಿರ್ಮಿತವಾದುವು. ಎಳೆಯುವ ಮನೆಗಾಡಿಗಳು ಹೆಚ್ಚಿದ ಮೇಲೆ, ಹಿಮ್ಮೆಟ್ಟಿಸುವ ತೊಂದರೆಯನ್ನು ತಪ್ಪಿಸಲು ಒಂದು ತುದಿಯಿಂದ ಹೊಕ್ಕು ಮತ್ತೊಂದು ತುದಿಯಿಂದ ಹೊರಡತಕ್ಕ ಕವಲುಗಳೂ ಬಳಕೆಗೆ ಬಂದುವು. ಆ ಕಾಲದ ಬಯಲುಗಳು ಸಣ್ಣ ಮೋಟಾರುಗಳಿಗಾಗಿ ಅಳೆದವುಗಳಾದುದರಿಂದ, ಇಂದಿನ ಬಹಳ ಉದ್ದವಾದ ಮನೆಗಾಡಿಗಳಿಗೆ ಅವುಗಳಲ್ಲಿ ಅನೇಕ ಕಡೆ ಸ್ಥಳ ಸಾಲುವುದಿಲ್ಲ. ಹೊರಡುವುದಕ್ಕೆ ಮುಂಚೆಯೇ ತಮ್ಮ ಗಾಡಿಯ ಉದ್ದವನ್ನು ಬಯಲಿನ ಅಳತೆಯೊಡನೆ ಹೋಲಿಸಿ ನೋಡುವುದು ಆದಕಾರಣ ಅವಶ್ಯಕವು.

ಸಂಸಾರದ ದಿನಚರಿ

ಅನುಭವವುಳ್ಳ ಸಂಸಾರವು ಕತ್ತಲಾಗುವುದಕ್ಕೆ ಮುಂಚೆಯೇ ಬಯಲನ್ನು ತಲಪುವುದು. ಒಬ್ಬರು ಕೆಳಗಿಳಿದು ಹಿಂದೆ ನಿಂತು ಸನ್ನೆಮಾಡುತ್ತಿರುವಾಗ ಇನ್ನೊಬ್ಬರು ಗಾಡಿಯನ್ನು ನಿಧಾನವಾಗಿ ಕವಲಿನೊಳಕ್ಕೆ ಹಿಮ್ಮೆಟ್ಟಿಸುವರು. ಬಳಿಕ ಚಕ್ರಗಳಿಗೆ ಒತ್ತು ಕೊಟ್ಟು, ರಸಮಟ್ಟವನ್ನಿಟ್ಟು ನೋಡಿ, ತಗ್ಗಾದ ಕಡೆ ಹಲಗೆಯನ್ನು ಕೊಟ್ಟು ಗಾಡಿಯನ್ನು ಸಮಮಾಡುವರು. ಗಾಡಿಯು ಓರೆಯಾಗಿದ್ದರೆ ನಿದ್ರೆಗೆ ಅನಾನುಕೂಲವಾಗುವುದಲ್ಲದೆ ಕೆಲವು ಬಗೆಯ ಗ್ಯಾಸಿನ ಶೀತಪೆಟ್ಟಿಗೆಗಳೂ ಕೆಡುವುವು. ಅನಂತರ ವಿದ್ಯುತ್ತಿನ ತಂತಿ, ನೀರಿನ ಕೊಳವೆ ಇವುಗಳನ್ನು ಸೇರಿಸಿ, ಬಾಗಿಲಿನ ಮುಂದಣ ಬಟ್ಟೆಯ ಚಪ್ಪರವನ್ನು ಬಿಚ್ಚಿದರೆ ಬಿಡಾರವು ಸಿದ್ಧವಾದಂತೆ. ಒಂದು ಗಂಟೆಯೊಳಗಾಗಿ ಇಷ್ಟೂ ಮುಗಿಯಬಹುದು.

ಮುಂದಿನ ದಿನಗಳಲ್ಲಿ ನಡೆಯುವುದು ಬಹು ಸಾಮಾನ್ಯವಾದ ಕೆಲಸಗಳೇ. ಹೊತ್ತು ಹುಟ್ಟುವಾಗ ಹೊರಗಿನ ಮೇಜಿನ ಬಳಿ ಕಾಫಿ. ಮಕ್ಕಳಿಗೆ ಬಳಸುದಾರಿಯಲ್ಲಿ ಸೈಕಲ್ ಸವಾರಿ. ಹಿರಿಯರಿಗೆ ಮರದ ನೆರಳಿನಲ್ಲಿ ಕುರ್ಚಿ. ಮಧ್ಯಾಹ್ನ ಹೊಳೆಯಲ್ಲಿ ಮೀನು ಹಿಡಿಯುವುದು ಅಥವಾ ಕಾಡಿನ ಕಾಲುದಾರಿಯಲ್ಲಿ ನಡೆದಾಟ. ಸಂಜೆ ಒಲೆಯ ಸುತ್ತ ಕುಳಿತು ಮಾತುಕತೆ. ರಾಷ್ಟ್ರೀಯ ವನಗಳಲ್ಲಿ ‘ರೇಂಜರ್’ ಎಂಬ ಅಧಿಕಾರಿಗಳು ಸಂಜೆಯ ವೇಳೆ ಜನರನ್ನು ಕೂಡಿಸಿ ಪ್ರಾಣಿಪಕ್ಷಿಗಳ ವಿಷಯವನ್ನೂ ನಕ್ಷತ್ರಗಳ ವಿಷಯವನ್ನೂ ಹೇಳುವುದುಂಟು. ರಾತ್ರಿ 10 ಗಂಟೆಯಿಂದ ಬೆಳಿಗ್ಗೆ 6 ಗಂಟೆಯವರೆಗೆ ಸದ್ದುಮಾಡಕೂಡದೆಂಬ ನಿಯಮವು ಅನೇಕ ಬಯಲುಗಳಲ್ಲಿದೆ.

ವಿಶ್ರಾಂತಿಯನ್ನು ಬಯಸಿ ಹೊರಟವರು ಆಯಾಸಗೊಂಡು ಹಿಂತಿರುಗುವುದೂ ಉಂಟು. ಇದಕ್ಕೆ ಸಾಮಾನ್ಯವಾದ ಕಾರಣಗಳು ಎರಡು. ದಿನಕ್ಕೊಂದು ಬಯಲನ್ನು ಬದಲಾಯಿಸುತ್ತ, ಪ್ರತಿದಿನವೂ ಕಟ್ಟುವ ಬಿಚ್ಚುವ ಕೆಲಸದಲ್ಲಿಯೇ ಹೊತ್ತು ಕಳೆಯುವುದು ಒಂದು. ಒಂದೇ ಕಡೆ ಮೂರು ನಾಲ್ಕು ರಾತ್ರಿಗಳಾದರೂ ತಂಗುವುದು ಇದಕ್ಕೆ ಪರಿಹಾರವು. ಮನೆಯಲ್ಲಿದ್ದ ಕೆಲಸದ ಹೊರೆಯನ್ನು ಮನೆಯೊಡತಿಯ ಮೇಲೆಯೇ ಹೊರಿಸಿ ತಂದಿರುವುದು ಎರಡನೆಯದು. ಗಾಡಿಯ ಅಡಿಗೆಮನೆಯು ಇಕ್ಕಟ್ಟಾದುದು, ನೀರು ಮಿತವಾದುದು. ಅಡಿಗೆ, ಪಾತ್ರೆ ತೊಳೆಯುವುದು, ನೀರು ತುಂಬುವುದು ಇವುಗಳನ್ನು ಗಂಡಸರೂ ಮಕ್ಕಳೂ ಹಂಚಿಕೊಳ್ಳದಿದ್ದರೆ, ಆ ರಜೆಯಲ್ಲಿ ತಾಯಿಯೊಬ್ಬಳಿಗೆ ರಜೆಯೇ ಇಲ್ಲದಂತಾಗುವುದು.

ಕೊಳಚೆ, ಸೌದೆ ಮತ್ತು ವಿಷದ ಗಾಳಿ

ಬಿಡಾರದ ಸುಖವು ಮೂರು ವಿಷಯಗಳಲ್ಲಿನ ಎಚ್ಚರಿಕೆಯನ್ನು ಅವಲಂಬಿಸಿದೆ.

ಮೊದಲನೆಯದು ಕೊಳಚೆ. ಪಾಯಿಖಾನೆಯ ತೊಟ್ಟಿಯನ್ನು ಅದಕ್ಕೆಂದೇ ಕಟ್ಟಿದ ಗುಂಡಿಯಲ್ಲಲ್ಲದೆ ಬೇರೆಲ್ಲಿಯೂ ಬರಿದು ಮಾಡಕೂಡದು. ತೊಟ್ಟಿಯ ತೂಬನ್ನು ಸದಾ ತೆರೆದಿಟ್ಟರೆ ನೀರು ಹರಿದುಹೋಗಿ ಗಷ್ಟು ತಳದಲ್ಲಿ ಗಟ್ಟಿಕಟ್ಟುವುದು. ಆದುದರಿಂದ ಅದನ್ನು ಮುಚ್ಚಿಟ್ಟು, ತೊಟ್ಟಿಯು ಬಹುಮಟ್ಟಿಗೆ ತುಂಬಿದ ಮೇಲೆ ಒಮ್ಮೆಲೇ ಬಿಡತಕ್ಕದ್ದು. ಮೊದಲು ಪಾಯಿಖಾನೆಯ ತೊಟ್ಟಿ, ಆಮೇಲೆ ಬಚ್ಚಲ ನೀರಿನ ತೊಟ್ಟಿ ಎಂಬ ಕ್ರಮವನ್ನು ಅನುಸರಿಸಿದರೆ, ಎರಡನೆಯ ನೀರು ಕೊಳವೆಯನ್ನು ತೊಳೆಯುವುದು. ಕುಡಿಯುವ ನೀರಿನ ಕೊಳವೆಯನ್ನು ಈ ಕೆಲಸಕ್ಕೆ ಎಂದಿಗೂ ಮುಟ್ಟಿಸಕೂಡದು. ದುರ್ವಾಸನೆಯನ್ನು ತಡೆಯಲು ತೊಟ್ಟಿಗೆ ಹಾಕುವ ಔಷಧಗಳಲ್ಲಿ ಫಾರ್ಮಾಲ್ಡಿಹೈಡ್ ಎಂಬುದಿದ್ದರೆ, ಅದು ಬಯಲಿನ ಸೆಪ್ಟಿಕ್ ತೊಟ್ಟಿಯಲ್ಲಿ ಮಲವನ್ನು ಕರಗಿಸತಕ್ಕ ಸೂಕ್ಷ್ಮಜೀವಿಗಳನ್ನೂ ಕೊಲ್ಲುವುದು. ಆ ಬಳಿಕ ಶುದ್ಧವಾಗದ ಕೊಳಚೆಯು ನೆಲದೊಳಗಿನ ನೀರನ್ನು ಸೇರುವ ಅಪಾಯವಿದೆ.

ಎರಡನೆಯದು ಸೌದೆ. ಒಲೆಗೆಂದು ದೂರದ ಊರಿನಿಂದ ಸೌದೆಯನ್ನು ಹೇರಿಕೊಂಡು ಹೋಗಕೂಡದೆಂದು ಅಮೆರಿಕಾದಲ್ಲಿ ಬಲವಾಗಿ ಬೋಧಿಸಲಾಗುತ್ತಿದೆ. ಏಷ್ಯಾ ಖಂಡದಿಂದ ಬಂದ ‘ಎಮರಾಲ್ಡ್ ಆಶ್ ಬೋರರ್’ ಎಂಬ ಹಸುರು ಬಣ್ಣದ ಕೊರೆಯುವ ಹುಳುವು 2002ನೇ ಇಸವಿಯಲ್ಲಿ ಮಿಚಿಗನ್ ಪ್ರಾಂತದ ಡೆಟ್ರಾಯಿಟ್ ನಗರದ ಬಳಿ ಗೊತ್ತಾಯಿತು. ಇದರ ಮರಿಹುಳುಗಳು ಆಶ್ ಮರದ ತೊಗಟೆಯ ಕೆಳಗೆ ಕೊರೆದು, ಆಹಾರವು ಹರಿಯುವ ದಾರಿಯನ್ನೇ ಕತ್ತರಿಸುವುವು. ಹಾರಿ ಹೋಗಬಲ್ಲ ದೂರವು ಸ್ವಲ್ಪವೇ ಆದರೂ, ಪ್ರವಾಸಿಗಳ ಸೌದೆಯೊಡನೆ ನೂರಾರು ಮೈಲಿಗಳನ್ನು ದಾಟಿದ ಈ ಹುಳುವಿನಿಂದ ಕೋಟಿಗಟ್ಟಲೆ ಮರಗಳು ನಾಶವಾಗಿವೆ. ಕೊಡಗು, ಚಿಕ್ಕಮಗಳೂರುಗಳ ತೋಟಗಾರರು ಕಾಫಿಯ ಬಿಳಿ ಕಾಂಡಕೊರಕದಿಂದ ಪಡುವ ಕಷ್ಟವನ್ನು ಬಲ್ಲವರು ತೊಗಟೆಯೊಳಗಿನ ಹುಳುವಿನ ಅಪಾಯವನ್ನು ಸುಲಭವಾಗಿ ಊಹಿಸಬಹುದು. ಸುಡುವ ಸ್ಥಳದಲ್ಲಿಯೇ ಸೌದೆಯನ್ನು ಕೊಳ್ಳುವುದು ಸರಿಯಾದ ಮಾರ್ಗವು.

ಮೂರನೆಯದು ಪ್ರಾಣಕ್ಕೆ ಸಂಬಂಧಪಟ್ಟುದು. ಇದ್ದಲು, ಗ್ಯಾಸು, ಪೆಟ್ರೋಲು ಇವು ಗಾಳಿ ಸಾಲದೆ ಉರಿದಾಗ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷದ ಗಾಳಿಯು ಹುಟ್ಟುವುದು. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮುಚ್ಚಿದ ಗಾಡಿಯಲ್ಲಿ ಚಳಿಕಾಯಿಸಲು ಇದ್ದಲಿನ ಅಗ್ಗಿಷ್ಟಿಕೆಯನ್ನಿಟ್ಟು ಮಲಗಿದವರು ಮತ್ತೆ ಏಳದೆ ಹೋದ ಉದಾಹರಣೆಗಳುಂಟು. ಅಡಿಗೆಯ ಒಲೆಯಿಂದ ಗಾಡಿಯನ್ನು ಬೆಚ್ಚಗೆ ಮಾಡಕೂಡದು. ವಿದ್ಯುತ್ತನ್ನು ಉತ್ಪತ್ತಿಮಾಡುವ ಯಂತ್ರವನ್ನು ಕಿಟಕಿಯ ಬಳಿ ನಡೆಯಿಸಕೂಡದು. ಈ ಗಾಳಿಯನ್ನು ಕಂಡುಹಿಡಿದು ಗಂಟೆ ಬಾರಿಸತಕ್ಕ ಸಣ್ಣ ಉಪಕರಣವೊಂದುಂಟು. ಅದು ಕೆಲಸಮಾಡುತ್ತಿದೆಯೇ ಎಂಬುದನ್ನು ಪ್ರಯಾಣಕ್ಕೆ ಮುಂಚೆ ಪರೀಕ್ಷಿಸತಕ್ಕದ್ದು.

ಕಾಡುಪ್ರಾಣಿಗಳಿರುವ ಕಡೆ ಆಹಾರವನ್ನು ಹೊರಗೆ ಬಿಡಕೂಡದು. ಯೆಲ್ಲೋಸ್ಟೋನಿನಲ್ಲಿ ಕರಡಿ ಮತ್ತು ತೋಳಗಳಿಂದ 100 ಗಜ, ಇತರ ಬಹುತೇಕ ಪ್ರಾಣಿಗಳಿಂದ 25 ಗಜ ದೂರದಲ್ಲಿರಬೇಕೆಂದು ನಿಯಮವಿದೆ. ಅಲ್ಲಿನ ಫಿಶಿಂಗ್ ಬ್ರಿಡ್ಜ್ ಎಂಬ ಬಯಲಿನಲ್ಲಿ, ಕರಡಿಗಳ ಸಂಚಾರವಿರುವ ಕಾರಣ, ಗಟ್ಟಿ ಗೋಡೆಗಳುಳ್ಳ ಗಾಡಿಗಳಿಗೆ ಮಾತ್ರ ಪ್ರವೇಶವುಂಟು. ಬಟ್ಟೆಯ ಡೇರೆಗಳಿಗೆ ಇಲ್ಲ.

ಜಮೀನುಳ್ಳವರು ನಡೆಯಿಸುವ ಬಯಲುಗಳು

ಸರ್ಕಾರದ ವನಗಳಲ್ಲಿ ಸ್ಥಳ ಸಾಲದಾದಾಗ ಖಾಸಗಿ ಜಮೀನುಗಳಲ್ಲಿಯೂ ಬಯಲುಗಳು ಎದ್ದುವು. 1962ನೇ ಇಸವಿಯಲ್ಲಿ ಸಿಯಾಟಲ್ ನಗರದಲ್ಲಿ ನಡೆದ ಜಾಗತಿಕ ಪ್ರದರ್ಶನಕ್ಕೆಂದು ಜನರು ಮೊಂಟಾನಾ ಪ್ರಾಂತದ ಬಿಲ್ಲಿಂಗ್ಸ್ ನಗರದ ಮೂಲಕ ಹಾದುಹೋಗುತ್ತಿದ್ದರು. ಅದನ್ನು ಕಂಡ ಡೇವ್ ಡ್ರಮ್ ಎಂಬುವರು ಹೊಳೆಯ ದಡದಲ್ಲಿದ್ದ ತಮ್ಮ ಜಮೀನಿನಲ್ಲಿ ಮೇಜು, ಒಲೆ, ಬಿಸಿನೀರಿನ ಬಚ್ಚಲು, ಸಣ್ಣ ಅಂಗಡಿ ಇವುಗಳನ್ನು ಏರ್ಪಡಿಸಿ, ರಾತ್ರಿಯೊಂದಕ್ಕೆ ಒಂದೂ ಮುಕ್ಕಾಲು ಡಾಲರು ಬಾಡಿಗೆಯನ್ನು ಗೊತ್ತುಮಾಡಿದರು. ಈಗ ಅಮೆರಿಕಾದಲ್ಲಿ ಬಹು ದೊಡ್ಡದಾಗಿ ಬೆಳೆದಿರುವ ‘ಕೆ.ಓ.ಎ.’ ಎಂಬ ಬಯಲುಗಳ ಸಂಸ್ಥೆಯ ಮೂಲವು ಇದೇ.

ಸಣ್ಣ ರೈತರಿಗೆ ಹೆಚ್ಚು ಉಪಯುಕ್ತವಾದ ಮಾದರಿಯು ಬ್ರಿಟನ್ನಿನದು. ಅಲ್ಲಿ 1960ನೇ ಇಸವಿಯ ಕಾಯಿದೆಯ ಪ್ರಕಾರ ಮಾನ್ಯತೆ ಪಡೆದ ಸಂಘಗಳು ರೈತನ ಹೊಲವನ್ನು ಪರೀಕ್ಷಿಸಿ, ಏಕಕಾಲದಲ್ಲಿ ಐದು ಮನೆಗಾಡಿಗಳನ್ನು ಮೀರದಂತೆ ಬಿಡಾರಕ್ಕೆ ಒಪ್ಪಿಗೆಯನ್ನು ಕೊಡಬಹುದು. ಒಂದು ಗಾಡಿಯು 28 ದಿನಗಳಿಗಿಂತ ಹೆಚ್ಚಾಗಿ ನಿಲ್ಲಕೂಡದು. ರೈತನು ಕುಡಿಯುವ ನೀರಿನ ಕೊಳಾಯಿಯನ್ನೂ ಪಾಯಿಖಾನೆಯ ಕೊಳಚೆಯನ್ನು ಬಿಡುವ ಸ್ಥಳವನ್ನೂ ಒದಗಿಸಬೇಕು. ಬೆಂಕಿಯು ಒಂದರಿಂದ ಒಂದಕ್ಕೆ ಹರಡದಂತೆ ಎರಡು ಗಾಡಿಗಳ ನಡುವೆ 6 ಮೀಟರು, ಎಂದರೆ ಸುಮಾರು 20 ಅಡಿ, ಅಂತರವನ್ನು ಬಿಡಬೇಕು. ಇಂತಹ ಸಣ್ಣ ಬಯಲುಗಳು ಕ್ಯಾರವಾನ್ ಕ್ಲಬ್ಬಿನ ಪಟ್ಟಿಯೊಂದರಲ್ಲಿಯೇ ಎರಡು ಸಾವಿರಕ್ಕೂ ಮೇಲಾಗಿವೆ.

ಫ್ರಾನ್ಸ್ ದೇಶದಲ್ಲಿ 1993ರಲ್ಲಿ ಆರಂಭವಾದ ‘ಫ್ರಾನ್ಸ್ ಪ್ಯಾಶನ್’ ಎಂಬ ಏರ್ಪಾಡು ಇನ್ನೊಂದು ಬಗೆಯದು. ಅಲ್ಲಿ ದ್ರಾಕ್ಷಿ ತೋಟದವರೂ ಇತರ ರೈತರೂ ಸ್ವಯಂಚಾಲಿತ ಮನೆಗಾಡಿಯ ಪ್ರವಾಸಿಗಳಿಗೆ 24 ಗಂಟೆಗಳ ಕಾಲ ತಂಗಲು ಬಾಡಿಗೆಯಿಲ್ಲದೆ ಸ್ಥಳ ಕೊಡುವರು. ಏನನ್ನಾದರೂ ಕೊಳ್ಳಲೇಬೇಕೆಂಬ ಕಟ್ಟುಪಾಡಿಲ್ಲ. ಆದರೂ ತೋಟವನ್ನು ಕಣ್ಣಾರೆ ಕಂಡ ಸಂಸಾರವು ಜೇನು, ಗಿಣ್ಣು, ಹಣ್ಣು, ದ್ರಾಕ್ಷಾರಸಗಳನ್ನು ಬೆಳೆದವನಿಂದಲೇ ಕೊಂಡುಹೋಗುವುದು ಸಹಜವಾದುದರಿಂದ, ದಲ್ಲಾಳಿಯಿಲ್ಲದ ಮಾರಾಟಕ್ಕೆ ಇದು ದಾರಿಯಾಗಿದೆ.

ಈ ಎರಡು ಏರ್ಪಾಡುಗಳಲ್ಲಿಯೂ ಗಾಡಿಗಳ ಸಂಖ್ಯೆಯೋ ತಂಗುವ ಕಾಲವೋ ಮಿತಗೊಳಿಸಲ್ಪಟ್ಟಿದೆ. ಈ ಮಿತಿಯಿಂದಲೇ ಹೊಲವು ಹೊಲವಾಗಿಯೂ ರೈತನು ರೈತನಾಗಿಯೂ ಉಳಿಯುವುದು ಸಾಧ್ಯವಾಗಿದೆ.

ಕನ್ನಡ ನಾಡಿನವರಿಗೆ ಅನ್ವಯ

ಭಾರತದಲ್ಲಿ ಮನೆಗಾಡಿಯ ಪ್ರವಾಸವು ಇನ್ನೂ ಎಳೆಯದು. ನೆರೆಯ ಕೇರಳದ ಸರ್ಕಾರವು 2021ನೇ ಇಸವಿಯಲ್ಲಿ ‘ಕೆರವಾನ್ ಕೇರಳ’ ಎಂಬ ಯೋಜನೆಯನ್ನು ಪ್ರಕಟಿಸಿತು. 2022ರಲ್ಲಿ ವಾಗಮಣ್ ಎಂಬ ಬೆಟ್ಟದ ಊರಿನಲ್ಲಿ ಅದರ ಮೊದಲನೆಯ ಬಯಲು ತೆರೆಯಿತು. ಕರ್ನಾಟಕದಲ್ಲಿಯೂ ತಮ್ಮ ತೋಟಗಳಲ್ಲಿ ಇಂತಹ ಬಿಡಾರಕ್ಕೆ ಸ್ಥಳ ಕೊಡಬೇಕೆಂದು ಯೋಚಿಸುವ ಜಮೀನ್ದಾರರು ಕೆಲವು ಸಂಗತಿಗಳನ್ನು ಮೊದಲೇ ಪರ್ಯಾಲೋಚಿಸತಕ್ಕದ್ದು.

ಎರೆಯ ಭೂಮಿಯು ಮಳೆಯಲ್ಲಿ ಕುಸಿಯುವುದು, ಬೇಸಗೆಯಲ್ಲಿ ಬಿರಿಯುವುದು. ಅದು ಭಾರವಾದ ಗಾಡಿಗೆ ತಕ್ಕುದಲ್ಲ. ಗದ್ದೆಯ ಬದುವಿನ ಮೇಲೂ ನೀರು ಬಸಿಯುವ ತಗ್ಗಿನಲ್ಲಿಯೂ ಗಾಡಿಯನ್ನು ನಿಲ್ಲಿಸಕೂಡದು. ಸಾಗುವಳಿಗೆ ಬಾರದ ಗರಸು ನೆಲವಿದ್ದರೆ ಅದೇ ಉತ್ತಮವು. ದಾರಿಯನ್ನೂ ನಿಲ್ಲುವ ಸ್ಥಳವನ್ನೂ ಕಲ್ಲುಗಳಿಂದ ಗುರುತಿಸಿ, ಮರಗಳ ಕೊಂಬೆಗಳು ಹರಡಿರುವಷ್ಟು ದೂರದೊಳಕ್ಕೆ ಚಕ್ರವನ್ನು ಬಿಡದಿರತಕ್ಕದ್ದು. ಪಾಯಿಖಾನೆಯ ಗುಂಡಿಯು ಬಾವಿಗೆ ಇಳಿಜಾರಿನ ಕೆಳಗಡೆ, 50 ಅಡಿಗಳಿಗೆ ಕಡಮೆಯಲ್ಲದಷ್ಟು ದೂರದಲ್ಲಿರಬೇಕು; ನೀರು ಬೇಗನೆ ಇಂಗುವ ಮಣ್ಣಾದರೆ ಇನ್ನೂ ಹೆಚ್ಚು ದೂರವಿರುವುದು ಒಳ್ಳೆಯದು. ವ್ಯವಸಾಯದ ಜಮೀನನ್ನು ಬೇರೆ ಉಪಯೋಗಕ್ಕೆ ತಿರುಗಿಸುವ ವಿಷಯದಲ್ಲಿ 1964ನೇ ಇಸವಿಯ ಕರ್ನಾಟಕ ಭೂಕಂದಾಯ ಅಧಿನಿಯಮದ 95ನೇ ಪ್ರಕರಣವು ಅನ್ವಯಿಸುವುದರಿಂದ, ಹಣವನ್ನು ವೆಚ್ಚಮಾಡುವುದಕ್ಕೆ ಮುಂಚೆಯೇ ಕಂದಾಯದ ಇಲಾಖೆಯವರನ್ನು ವಿಚಾರಿಸಿ ಅಪ್ಪಣೆಯ ಅಗತ್ಯವನ್ನು ತಿಳಿದುಕೊಳ್ಳುವುದು ಕ್ಷೇಮಕರವು.

ಮನೆಗಾಡಿಯು ಎಂದಿಗೂ ಬಾರದ ಗ್ರಾಮಗಳಿಗೂ ಮೈನೆಕೆಯವರ ಪಾಠವು ಸಲ್ಲತಕ್ಕದ್ದೇ. ಬಾದಾಮಿಯ ಬನಶಂಕರಿ, ಸವದತ್ತಿಯ ಎಲ್ಲಮ್ಮ ಮುಂತಾದ ಜಾತ್ರೆಗಳಿಗೂ, ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೂ ರೈತರು ಸಂಸಾರದೊಡನೆಯೋ ದನಕರುಗಳೊಡನೆಯೋ ಬಂದು, ಗಾಡಿಗಳ ಬಳಿಯಲ್ಲಿಯೇ ಒಲೆ ಹೂಡಿ ಬಿಡಾರ ಮಾಡುವ ಪದ್ಧತಿಯು ಹಿಂದಿನಿಂದ ಬಂದುದು. ಎತ್ತಿನ ಗಾಡಿಯ ಜೊತೆಗೆ ಈಗ ಟ್ರ್ಯಾಕ್ಟರು, ಲಾರಿ, ಮೋಟಾರುಗಳೂ ಸೇರಿರುವುದರಿಂದ ನೆಲದ ಮೇಲೆ ಬೀಳುವ ಭಾರವು ಹಿಂದಿನದಕ್ಕಿಂತ ಅಧಿಕವಾಗಿದೆ. ಪೂರ್ವಿಕರು ನೆಟ್ಟ ಮಾವು, ಹುಣಿಸೆ, ಹಿಪ್ಪೆಗಳ ತೋಪುಗಳೇ ಇಂತಹ ಬಿಡಾರಗಳಿಗೆ ನೆರಳು. ಜಾತ್ರೆಗೆ ಒಂದು ತಿಂಗಳು ಮುಂಚಿತವಾಗಿ ಗ್ರಾಮದ ಮುಖ್ಯಸ್ಥರೂ ಪಂಚಾಯಿತಿಯವರೂ ತೋಪನ್ನು ಒಮ್ಮೆ ಸುತ್ತಿನೋಡಿ, ಹೋಗುವುದಕ್ಕೊಂದು ಬರುವುದಕ್ಕೊಂದು ದಾರಿಯನ್ನು ಗೊತ್ತುಮಾಡಿ, ಗಾಡಿಗಳು ನಿಲ್ಲುವ ಸ್ಥಳಕ್ಕೆ ಸುಣ್ಣದ ಗೆರೆ ಎಳೆಯಿಸಿ, ಮರಗಳ ಸುತ್ತ ಕಲ್ಲುಗಳ ಸಾಲನ್ನು ಹೂಳಿಸಿ, ಒಲೆಗಳಿಗೆ ಮರದ ಬುಡದಿಂದ ದೂರವಾದ ಸ್ಥಳವನ್ನು ತೋರಿಸಿ, ಪಾಯಿಖಾನೆಗಳನ್ನು ಬಾವಿಗೂ ಕೆರೆಗೂ ದೂರವಾಗಿ ಕಟ್ಟಿಸಬೇಕು. ಇದಕ್ಕೆ ಬೇಕಾಗುವ ವೆಚ್ಚದ ಬಹುಭಾಗವು ಕೂಲಿಯೇ. ಕಲ್ಲು ಊರಿನ ಹತ್ತಿರವೇ ದೊರೆಯುವುದು. ಜಾತ್ರೆಯು ಮುಗಿದ ಮೇಲೆ ಗಟ್ಟಿಯಾದ ಭಾಗಗಳನ್ನು ಗುರುತಿಸಿಟ್ಟುಕೊಂಡು, ಮರಗಳ ಸುತ್ತ ಒಣ ಎಲೆ ಮತ್ತು ಕೊಟ್ಟಿಗೆ ಗೊಬ್ಬರವನ್ನು ಹರಡಿಸಿ, ಮುಂದಿನ ಮಳೆಗಾಲವು ಕಳೆಯುವವರೆಗೆ ಅಲ್ಲಿ ಗಾಡಿಗಳನ್ನು ಬಿಡದಿದ್ದರೆ ನೆಲವು ಕ್ರಮೇಣ ಚೇತರಿಸಿಕೊಳ್ಳುವುದು.